ಪರದೆ ಹಿಂದಿನ ಲಡಾಯಿ

ಬರ್ರಿ, ಕುಂದರ್ರಿ. ಕಾಲು ಚಾಚಿಕೊಂಡ ಕುಂದರ್ರಿ, ನಡುವ ಎದ್ದು ಹೋಗೋ ಮಾತಲ್ಲ ಇದು. ತಂಪ ಆದರ ಆ ಕಂಬಳಿ ಎಳಕೊಳ್ರಿ. ಲಡಾಯಿ ಸಿನೇಮಾ ನೋಡಿದವರು ತಾವ ಲಡಾಯಿ ಮಾಡಿ ಬಂದವರಂಗ ಮಾತಾಡತಾರ. ಲಡಾಯಿ ಮಾಡಿ ಬಂದವರು ಏನೂ ನೋಡದವರಂಗ ಸುಮ್ಮನ ಕುಂದರತಾರ. ಇದು ಅಂದೂ ಹಿಂಗ, ಇಂದೂ ಹಿಂಗ. ನನ್ನ ಕಣ್ಣ ಮುಂದ ಆದದ್ದನ್ನ ಹೇಳತೇನಿ, ಕೇಳ್ರಿ.

ಕೆರೂರಾಗ ಸಂತಿ ಬಯಲಿನ ಬಾಜೂಕ ಆಗ ಒಂದು ಸಿನೇಮಾ ಟೆಂಟ್ ಬರತಿತ್ತು. ಕೆಲವು ತಿಂಗಳು ಇಲ್ಲಿ, ಕೆಲವು ತಿಂಗಳು ಮತ್ತೊಂದೂರಾಗ. ನನ್ನ ಗಂಡ ಕುರಿ ಹಿಂಡಿನ ಬೆನ್ನ ಹತ್ತಿ ಅಡವಿ ಸೇರಿದರ ಮನಿ ಕಡೆ ಮಾರಿ ತೋರಸೂದು ಯಾವಾಗೋ. ಅದಕ ನಾ ಟೆಂಟಿನ್ಯಾಗ ಮಿರ್ಚಿ ಭಜಿ ಕರಿಯಾಕ ನಿಂತೆ. ಒಲಿ ಹೊಗಿ ಮುಂದ ಬಂದರ ಸಿನೇಮಾ ಮಬ್ಬ ಕಾಣತೈತಿ ಅಂತ ಟೆಂಟಿನ ಸಾವ್ಕಾರ ನನ್ನ ಒಲಿನ್ನ ಪರದೆ ಹಿಂದ ಹೂಡಿಸಿದ್ದ. ಪರದೆ ಅಂದರ ಒಂದು ಬಿಳೆ ಅರಿವಿ ಅಷ್ಟ. ಹಿಂದಿನಿಂದಾನೂ ಸಿನೇಮಾ ಚಂದ ಕಾಣತಿತ್ತು, ಆದರ ಎಲ್ಲಾ ತಿರುವು ಮುರುವು. ಬಲಕ್ಕ ಇದ್ದದ್ದು ಎಡಕ್ಕ, ಎಡಕ್ಕ ಇದ್ದದ್ದು ಬಲಕ್ಕ. ಅಕ್ಷರಾನೂ ಹಿಂದಮುಂದ ಬರತಿದ್ದವು. ನನಗೇನ ಫರಕ? ನೆಟ್ಟಗಿದ್ದಾಗೂ ನನಗ ಓದಾಕ ಬರೂದಿಲ್ಲ.

೧. ಎಡಗೈ ಫೌಜು

ನನ್ನ ಮೈದುನ ಮಿಲ್ಟ್ರಿ ಸೇರಿದ್ದ. ಲಡಾಯಿ ಸುರು ಆದ ಮ್ಯಾಲ ಅವನ ಸುದ್ದಿನ ಇಲ್ಲ. ನಮ್ಮ ಅತ್ತಿ ಒಂದ ರೊಟ್ಟಿ ಮುರದು ಅರ್ಧಾ ತಿಂದು ಅರ್ಧಾ ಬುಟ್ಟಿಗೆ ಒಗಿಯಾಕಿ. ಅಂಥಾದರಾಗ ಟೆಂಟಿಗೆ ಒಂದು ಲಡಾಯಿ ಸಿನೇಮಾ ಬಂತು. ಅದು ಯಾವದೋ ಹಿಂದಿನ ಲಡಾಯಿದು ಅಂತ ನಮಗ ಗೊತ್ತಾದದ್ದು ಎಷ್ಟೋ ದಿನದ ಮ್ಯಾಲ. ಸಾವ್ಕಾರ ಚಕ್ಕಡಿ ಮ್ಯಾಲ ಭೋಂಗಾ ಕಟಗೊಂಡು ಬಜಾರ ತುಂಬ ಒದರಿದ: "ಬರ್ರಿ, ನೋಡ್ರಿ, ನಮ್ಮ ಜವಾನರ ಖರೆ ಖರೆ ಲಡಾಯಿ."

ಅತ್ತಿ ಜೀವಮಾನದಾಗ ಸಿನೇಮಾ ನೋಡಿದಾಕಿ ಅಲ್ಲ. ಅವತ್ತ ಸೆರಗು ಬಿಗದು ನನಕಿಂತ ಮೊದಲ ಹೊಂಟಳು. "ಖರೆ ಲಡಾಯಿ ಅಂದ ಮ್ಯಾಲ ನನ್ನ ಮಗ ಅದರಾಗ ಇರಬೇಕಲ್ಲ" ಅಂದಳು. ನನ್ನ ಒಲಿ ಬಾಜೂಕ, ಪರದೆ ಹಿಂದ ಕುಂತಳು. ಮಾತೆಲ್ಲಾ ಹಿಂದಿ. ನಮಗ ತಿಳಿಯೂದು ಗುಂಡಿನ ಸಪ್ಪಳ ಒಂದ. ಅತ್ತಿ ಮಾತಿಗೆ ಕಿವಿ ಕೊಡಲಿಲ್ಲ, ಒಬ್ಬೊಬ್ಬರ ಮಾರಿ ನೋಡಕೋತ ಹೋದಳು. ನೋಡತಾ ನೋಡತಾ ಆಕಿ ಹುಬ್ಬು ಗಂಟಾತು.

"ಏನವಾ ಇದು, ಎಲ್ಲಾರೂ ಎಡಗೈಲೆ ಸಲಾಮ ಹೊಡೀತಾರ. ಎಡಗೈಲೆ ಬಂದೂಕ ಹಿಡೀತಾರ."

ನಾ ಹೇಳಿದೆ, "ಇದು ಹಿಂದಿನ ಬಾಜು, ಅತ್ತಿ. ಇಲ್ಲಿಂದ ಹಂಗ ಕಾಣತೈತಿ."

"ಕಣ್ಣೀಲೆ ನೋಡಾಕತ್ತೇನಿ, ನನಗ ಹೇಳಬ್ಯಾಡ. ನನ್ನ ಮಗ ಬಲಗೈಯಾಂವ. ಬಡದು ಬಡದು ಕೈ ಬದಲ ಮಾಡಿಸಿರಬೇಕು."

ಆಟ ಮುಗಿಯೂಕಿಂತ ಮೊದಲ ಎದ್ದು ಸೀದಾ ಸಾವ್ಕಾರನ ಹಂತ್ಯಾಕ ಹೋಗಿ ನಿಂತಳು. ನನ್ನ ಮಗ ಬದುಕ್ಯಾನೇನು ಅಂತ ಕೇಳಾಕ ಆಕಿಗೆ ಬಾಯಿ ಬರಲಿಲ್ಲ, ನನಗ ಗೊತ್ತಾತು. ಸೆರಗು ಬಾಯಿಗೆ ಹಿಡದು ಕೇಳಿದ್ದು ಬ್ಯಾರೆ.

"ಯಪ್ಪಾ, ರಜಾಕ್ಕ ಮನಿಗೆ ಕಳಸೂ ಮುಂದ ಬಲಗೈ ತಿರುಗಿ ಕೊಡತಾರೇನು?"

೨. ಭಂಡಾರ

ಮರುದಿನ ಮತ್ತ ಬಂದಳು. ಸಿನೇಮಾದಾಗ ಜವಾನರು ಒಂದು ಹೊಳಿ ದಾಟತಿದ್ದರು, ಆಚಿ ದಂಡಿಯಿಂದ ಗುಂಡು ಬರತಿದ್ದವು. ಅವರಾಗ ಒಬ್ಬ ಬೆನ್ನು ಮಾಡಿ ನಡದಿದ್ದ. ಅವನ ನಡಗಿ ನೋಡಿ ಅತ್ತಿ ಎದ್ದ ನಿಂತಳು. "ಅಂವನ. ಕುರಿ ಹಿಂದ ನಡದಂಗ ನಡಿಯಾಕತ್ತಾನ ನೋಡ."

ನಮ್ಮದು ಬೀರಪ್ಪನ ಒಕ್ಕಲು. ಅತ್ತಿ ಸಂಚ್ಯಾಗ ಎಲಿ ಅಡಿಕಿ ಇರಲಿ ಬಿಡಲಿ, ದೇವರ ಭಂಡಾರ ಇರೂದ. "ಬೀರಪ್ಪಾ, ಬೆನ್ನಿಗೆ ನಿಲ್ಲೋ" ಅಂತ ಹಿಡಿ ತುಂಬ ಭಂಡಾರ ತಗದು ಪರದೆಗೆ ಎರಚಿದಳು. ಚಳಿಗಾಲ, ಇಬ್ಬನಿಗೆ ಪರದೆ ತ್ಯಾವ ಆಗಿತ್ತು. ಅರಿಶಿಣ ಗಟ್ಟಿ ಹಿಡಕೊಂತು.

ಮುಂಜಾನೆ ಸಾವ್ಕಾರ ತಲಿ ತಲಿ ಬಡಕೊಂಡು ಅಗಸರಿಂದ ಸೋಡಾ ತಂದು ತಾನ ತಿಕ್ಕಾಕ ಕುಂತ. ಅರಿಶಿಣಕ್ಕ ಸೋಡಾ ತಾಕಿದರ ಏನಾಗತೈತಿ ಅಂತ ಹೆಣ್ಣಮಕ್ಕಳನ್ನ ಒಂದ ಮಾತು ಕೇಳಬಾರದ? ಹಳದಿ ಇದ್ದದ್ದು ಕೆಂಪಾತು, ಅಂಗೈಯಷ್ಟ ಇದ್ದದ್ದು ಮೊರದಷ್ಟ ಆತು. ಒಣಗಿದರೂ ಹೋಗಲಿಲ್ಲ.

ಆ ಸಿನೇಮಾ ಕಪ್ಪು ಬಿಳಪಿಂದು. ಸಂಜಿ ಆಟಕ್ಕ ಹೊಳಿ ದಾಟೂ ಜವಾನರ ಮ್ಯಾಲ ಅಷ್ಟ ಜಾಗಾ ಕೆಂಪಗ ಕಾಣಾಕತ್ತಿತು. ಮಂದಿ ಉಸರ ಬಿಗಿ ಹಿಡದು ನೋಡಿದರು. ಮುಂದ ನೆಲದ ಮ್ಯಾಲ ಕುಂತ ಒಬ್ಬ ಮುದುಕ, "ಖರೆ ರಕ್ತರೀ ಅದು, ಅರಿವಿಗೆ ಹತ್ತಿ ಬಿಟ್ಟೈತಿ" ಅಂದ. ಟೆಂಟಿನ್ಯಾಗ ಒಬ್ಬರೂ ನಗಲಿಲ್ಲ.

ಮರುದಿನ ಚಕ್ಕಡಿ ಮ್ಯಾಲ ಸಾವ್ಕಾರನ ಭೋಂಗಾ ಒದರಿತು: "ಬರ್ರಿ, ನೋಡ್ರಿ, ಇವತ್ತಿಂದ ರಕ್ತ ಬಣ್ಣದಾಗ."

೩. ಎಣ್ಣಿ ಕಾಯಿಸಬ್ಯಾಡ

ಆ ಸಿನೇಮಾದ ಕಡೀಕ ಒಬ್ಬ ಎಳೀ ಜವಾನ ಸಾಯತಾನ. ಎದಿ ಮ್ಯಾಲ ಕೈ ಇಟಗೊಂಡು, ಗೆಳೆಯನ ತೊಡಿ ಮ್ಯಾಲ ತಲಿ ಹಾಕಿ, ತಾಯಿಗೆ ಏನೇನೋ ಹೇಳಿ ಕಳಸತಾನ. ಬಾವುಟ ಹಿಡದು ಮುತ್ತ ಕೊಡತಾನ. ಮತ್ತ ಮಾತಾಡತಾನ. ಆ ಪರಿ ಮಾತಾಡಿ ಆಮ್ಯಾಲ ಕಣ್ಣ ಮುಚ್ಚತಾನ.

ಮೊದಲಿನೆರಡ ದಿನ ಅತ್ತಿ ಅಷ್ಟೊತ್ತನಕ ಕುಂತಿರಲಿಲ್ಲ, ಮಗನ್ನ ಹುಡಿಕಿ ಹುಡಿಕಿ ದಣದು ಎದ್ದು ಹೋಗತಿದ್ದಳು. ಮೂರನೇ ದಿನ ಪೂರ್ತಿ ಕುಂತಳು. ನಮ್ಮ ಕಡೆ ಸತ್ತವರನ್ನ ಹಾಡ್ಯಾಡಿ ಅಳತಾರ, ಅವರು ಉಂಡದ್ದು, ಉಟ್ಟದ್ದು, ನಡದದ್ದು ಎಲ್ಲಾ ನೆನಿಸಿ. ನಮ್ಮ ಅತ್ತಿ ಹಂಗ ಅಳೂದರಾಗ ಹೆಸರಾದಾಕಿ. ಯಾರ ಮನ್ಯಾಗ ಸಾವಾದರೂ ಬೇವೂರತನಕ ಆಕಿಗೆ ಕರಿ ಬರತಿತ್ತು. ಆ ಜವಾನ ಕಣ್ಣ ಮುಚ್ಚಿದ್ದ ತಡ, ಅತ್ತಿ ದನಿ ಎತ್ತಿದಳು. "ಯಾವ ತಾಯಿ ಹಡದಾಳೋ, ಯಾವ ತೊಟ್ಟಲ ತೂಗ್ಯಾಳೋ" ಅಂತ ಸುರು ಮಾಡಿದ ಕೂಡಲೆ ಪರದೆ ಮುಂದಿನ ಹೆಣ್ಣಮಕ್ಕಳೂ ದನಿ ಕೂಡಿಸಿದರು. ಯಂತ್ರದ ಸಪ್ಪಳ ಸೈತ ಕೇಳದಂಗಾತು.

ಅಷ್ಟಕ್ಕ ಬಿಡಲಿಲ್ಲ. ಅತ್ತಿ ನನ್ನ ಕಡೆ ತಿರುಗಿ, "ಸತ್ತ ಜಾಗಾದಾಗ ಎಣ್ಣಿ ಕಾಯಿಸತಾರೇನ?" ಅಂದಾಕಿನ ನೀರಿನ ಕೊಡಾ ಎತ್ತಿ ನನ್ನ ಒಲಿಗೆ ಸುರುವಿದಳು. ನೆನಸಿಟ್ಟ ಹಿಟ್ಟು, ಸೀಳಿದ ಮೆಣಸಿನಕಾಯಿ, ಎಲ್ಲಾ ಹಂಗ ಉಳದವು.

ಸಾವ್ಕಾರ ಓಡಿ ಬಂದ. "ಆಯಿ, ಅಂವ ಸತ್ತಿಲ್ಲ. ಅದು ಬರೇ ಸಿನೇಮಾ. ನಾಳೆ ಬಾ, ಎದ್ದ ಕುಂತಿರತಾನ ನೋಡ."

"ಮುಂಜಾನೆ ಬಜಾರದಾಗ ಖರೆ ಅಂತ ಒದರತಿ, ಸಂಜಿಕ ಇಲ್ಲಿ ಸುಳ್ಳ ಅಂತಿ. ಯಾವ ಹೊತ್ತಿನ ಮಾತು ನಂಬಲಿ ನಿಂದು?"

ಸಾವ್ಕಾರ ಖಾಲಿ ಕೊಡಾ ಎತ್ತಿ ಬಾಜೂಕ ಇಟ್ಟು ಹೋದ.

ಮರುದಿನ ಅತ್ತಿ ತಲಿ ಮ್ಯಾಲ ನೀರ ಹಾಕ್ಕೊಂಡು, ಮೈಲಿಗಿ ಕಳಕೊಂಡ ಬಂದಳು. ನೋಡತಾಳ, ನಿನ್ನೆ ಸತ್ತ ಜವಾನ ಇವತ್ತ ನಕ್ಕೋತ ಹಾಡಾಕತ್ತಾನ. ಅತ್ತಿಗೆ ಮೊದಲ ಸಿಟ್ಟ ಬಂತು. ಆಮ್ಯಾಲ ಏನೋ ವಿಚಾರ ಮಾಡಿದಳು. ಮಾರಿ ಮ್ಯಾಲಿನ ಗಂಟ ಒಂದೊಂದ ಬಿಚ್ಚಿದಂಗಾತು. ಅವತ್ತ ಮನಿಗೆ ಹೋಗಿ ಪೂರಾ ರೊಟ್ಟಿ ತಿಂದಳು. "ಸತ್ತಾರ ಅಂದವರೂ ಅಲ್ಲಿ ಮತ್ತ ಏಳತಾರವಾ" ಅಂದಳು. ಮಗನ ಸುದ್ದಿ ಇನ್ನೂ ಬಂದಿರಲಿಲ್ಲ.

ಮತ್ತೊಂದ ಸಂಜಿ ಆ ಜವಾನ ಸತ್ತಾಗ ಹೆಣ್ಣಮಕ್ಕಳೆಲ್ಲಾ ಅತ್ತಿಯ ದನಿ ಕಾಯ್ದರು. ಒಬ್ಬಾಕಿ ಪರದೆ ಬಾಜೂಲೆ ಹಣಿಕಿ ಹಾಕಿ, "ಆಯಿ, ಸುರು ಮಾಡವಾ" ಅಂದಳು.

ಅತ್ತಿ ಎಲಿಗೆ ಸುಣ್ಣ ಹಚ್ಚಕೋತ ಅಂದಳು: "ನಾಳೆ ಏಳತಾನ. ಏಳಲಿಲ್ಲಂದರ ಹೇಳಿ ಕಳಸ್ರಿ, ಬರತೇನಿ."

೪. ಅರ್ಧ ಲಡಾಯಿ

ಲಡಾಯಿ ನಿಂತು, ಮೈದುನ ರಜಾಕ್ಕ ಬಂದ. ಟ್ರಂಕು ಹೊತಗೊಂಡು ಬಾಗಲಾಗ ನಿಂತ. ಅತ್ತಿ ಅವನ ಮೈ ತಡವಲಿಲ್ಲ, ಅಳಲಿಲ್ಲ. ಗಂಗಾಳದಾಗ ರೊಟ್ಟಿ, ಪುಂಡಿಪಲ್ಯ ಹಾಕಿ ಮುಂದಿಟ್ಟು, ಅವನ ಕೈನ ನೋಡಕೋತ ಕುಂತಳು. ಅಂವ ಬಲಗೈಲೆ ತುತ್ತು ಮುರದ.

"ಬೀರಪ್ಪಾ, ತಿರುಗಿ ಕೊಟ್ಟರಪಾ" ಅಂತ ಆಗ ಅತ್ತಳು. ಮೈದುನ ನನ್ನ ಮಾರಿ ನೋಡಿದ. ನಾ ಉಣ್ಣು ಅಂತ ಸನ್ನಿ ಮಾಡಿದೆ.

ಮಾತು ಕಡಿಮಿ ಆಗಿತ್ತು ಅವಂದು. ಕ್ಷೌರದ ಅಂಗಡ್ಯಾಗ ಅವನ್ನ ಹಿಡದು ಕುಂದರಿಸಿದರಂತ. ಅಲ್ಲಿ ಇದ್ದವರೆಲ್ಲಾ ಆ ಸಿನೇಮಾ ಕಂಠಪಾಠ ಮಾಡಿದವರು.

"ಲಡಾಯಿದಾಗ ಏನ ಮಾಡಿದಿ ಹೇಳಲೇ."

"ಕುಂತಿದ್ವಿ."

"ಎಲ್ಲಿ?"

"ತಗ್ಗಿನ್ಯಾಗ."

"ತಗ್ಗಿನ್ಯಾಗ ಕುಂತು ಏನ ಮಾಡತಿದ್ರಿ?"

"ಕಾಯತಿದ್ವಿ. ಚಾ ಕುಡೀತಿದ್ವಿ. ಮತ್ತ ಕಾಯತಿದ್ವಿ."

"ವೈರಿ ಮಾರಿ ನೋಡಿದಿ?"

"ಇಲ್ಲ. ಸಪ್ಪಳ ಕೇಳತಿತ್ತು."

"ಸಾಹೇಬ್ರು ಭಾಷಣ ಮಾಡಿರಬೇಕಲ್ಲ?"

"ಸಾಹೇಬ್ರಿಗೆ ನೆಗಡಿ ಆಗಿತ್ತು. ಮೂಗ ಒರಸಕೋತ 'ಚಲೋ' ಅಂದರು."

ಒಬ್ಬರ ಮಾರಿ ಒಬ್ಬರು ನೋಡಿದರಂತ. ಕ್ಷೌರದಾಂವ ಕತ್ತಿ ಮಸಿಯೂದ ನಿಲ್ಲಿಸಿ ಭಾಳ ಸಮಾಧಾನದಿಂದ ಹೇಳಿದ: "ನಾವು ಪೂರ್ತಿ ಲಡಾಯಿ ನೋಡೇವಿ, ತಮ್ಮಾ. ನೀ ಇಂಟ್ರವಲ್ಲಿಗೆ ಎದ್ದ ಬಂದಿ ಕಾಣತೈತಿ."

ಅತ್ತಿಗೆ ಮಗನ್ನ ಟೆಂಟಿಗೆ ಕರಕೊಂಡ ಹೋಗೂ ಆಸೆ. ತನಗ ಇಷ್ಟ ದಿನ ಧೈರ್ಯ ಕೊಟ್ಟದ್ದನ್ನ ತೋರಸಬೇಕು ಅಂತ. ಬ್ಯಾಡ ಬ್ಯಾಡ ಅಂದಕೋತನ ಅಂವ ಬಂದ. ತೋಪು ಹಾರಿಸೂ ಜಾಗಾ ಬಂತು. ಮೊದಲನೇ ಸಪ್ಪಳಕ್ಕ ಮೈದುನ ನನ್ನ ಒಲಿ ಬಾಜೂಕ ಬೂದ್ಯಾಗ ಬೋರಲ ಬಿದ್ದ. ಪರದೆ ಹಿಂದ ಭಜಿ ತಿನ್ನಾಕ ಬಂದ ಕುಂತವರೆಲ್ಲಾ ಚಾಷ್ಟಿ ಅಂತ ತಿಳದು ಹೊಟ್ಟಿ ಹಿಡಕೊಂಡ ನಕ್ಕರು. ಅಂವ ಎದ್ದು ಬೂದಿ ಝಾಡಿಸಿಕೊಂಡು ತಾನೂ ನಕ್ಕ.

ಆದರ ನಾ ನೋಡಿದ್ದೆ. ಬಿದ್ದಾಗ ಅವನ ಒಂದ ಕೈ ತಲಿ ಮ್ಯಾಲಿತ್ತು, ಇನ್ನೊಂದ ಕೈ ಬಾಜೂಕ ಯಾರನ್ನೋ ಹಿಡದು ಕೆಳಗ ಎಳದಂಗ ಬರೇ ಗಾಳಿ ಎಳೀತಿತ್ತು.

ಮಂದಿ ಕರಗಿದ ಮ್ಯಾಲ ಕೇಳಿದೆ, "ಯಾರನ್ನ ಎಳಿಯಾಕತ್ತಿದ್ದಿ?"

"ಇಲಕಲ್ಲಿನ ಗೆಳೆಯನ್ನ, ಅತ್ತಿಗೆವ್ವ. ನನ್ನ ಬಾಜೂಕ ಹೋದ. ಅವನ ಚಾ ಕುಡಿಯೂ ಮಗ್ಗು ನನ್ನ ಟ್ರಂಕಿನ್ಯಾಗ ಐತಿ. ಅವರ ಅವ್ವಗ ಮುಟ್ಟಿಸಬೇಕು. ಹೊಂಟಾಗೆಲ್ಲಾ ಹುನಗುಂದದ ತನಕ ಹೋಗತೇನಿ, ಅಲ್ಲಿ ಬಸ್ಸು ಇಳದು ತಿರುಗಿ ಬರತೇನಿ. ಮುಂದ ಇಲಕಲ್ಲಿಗೆ ಹೋಗಾಕ ಕಾಲ ಏಳೂದಿಲ್ಲ."

"ಯಾಕ?"

"ಹೆಂಗ ಸತ್ತ ಅಂತ ಆಕಿ ಕೇಳತಾಳ. ಅಂವ ಈ ಸಿನೇಮಾದಾಗಿನಂಗ ಸತ್ತಿಲ್ಲ. ಏನ ಹೇಳಲಿ?"

೫. ಇಲಕಲ್ಲಿನ ಅವ್ವ

ಟೆಂಟಿನ ಗಡುವು ಮುಗದು ಸಾವ್ಕಾರ ಇಲಕಲ್ಲಿಗೆ ಹೊಂಟ. ನನ್ನ ಒಲಿ ಬೇಕಂದ, ಆಕಿ ಹೆಸರಿಗೆ ಮಂದಿ ಕೂಡತಾರ ಅಂತ ಅತ್ತಿನೂ ಬೇಕಂದ. ಮೈದುನ ತಾನಾಗಿನ ಲಾರಿ ಹತ್ತಿದ. ಹುನಗುಂದ ಬಂದಾಗ ನಾ ಅವನ ಕಡೆ ನೋಡಿದೆ. ಟ್ರಂಕಿನ ಮ್ಯಾಲ ಕೈ ಊರಿ ಕುಂತಿದ್ದ, ಇಳೀಲಿಲ್ಲ.

ಆದರ ಇಲಕಲ್ಲ ಮುಟ್ಟಿದರೂ ಗೆಳೆಯನ ಮನಿ ಕಡೆ ಅವನ ಹೆಜ್ಜಿ ಹೋಗಲಿಲ್ಲ. ಗೂಟ ಬಡಿಯೂದು, ಹಗ್ಗ ಬಿಗಿಯೂದು, ಅದರಾಗ ಹೊತ್ತ ಕಳದ. ಅಷ್ಟರಾಗ ಅವರ ಅವ್ವ ತಾನ ಬಂದಳು.

ಸೀರಿ ನೇಯುವವರಿಗೆ ನೂಲು ಸುತ್ತಿ ಕೊಡೂ ಕೆಲಸ ಆಕಿದು. ಬೆರಳಿಗೆಲ್ಲಾ ಕೆಂಪು ಬಣ್ಣ ಹತ್ತಿತ್ತು. ಪರದೆ ಹಿಂದ ಬಂದು ಅತ್ತಿ ಬಾಜೂಕ ಕುಂತಳು. ಎಳೀ ಜವಾನ ಸತ್ತಾಗ ಕೈಯಾಗ ಮಾರಿ ಮುಚ್ಚಿಕೊಂಡಳು. ಅತ್ತಿ ಆಕಿ ಬೆನ್ನು ಸವರಿದಳು.

"ಹೆದರಬ್ಯಾಡ ತಂಗಿ. ನಾಳೆ ಎದ್ದಿರತಾನ. ನಾ ನೋಡೇನಿ."

"ಖರೆ?"

"ಖರೆ."

"ನನ್ನ ಮಗನೂ ಲಡಾಯಿಗೆ ಹೋಗಿದ್ದ, ಯಕ್ಕಾ. ಹೋದ ಅಂತ ತಾರ ಬಂತು. ಹೆಣ ಬರಲಿಲ್ಲ. ನೋಡದ ಹೆಂಗ ಅಳಲಿ ಅಂತ ನಾ ಇನ್ನೂ ಅತ್ತಿಲ್ಲ."

ಹಗ್ಗ ಬಿಗಿಯಾಕತ್ತಿದ್ದ ಮೈದುನ ಹಗ್ಗ ಹಿಡಕೊಂಡ ಹಂಗ ನಿಂತ. ಗೆಳೆಯಂದೂ ಆಕಿದೂ ಒಂದ ಮಾರಿ ಅಂತ, ಮುಂದಿನ ಹಲ್ಲಿನ ಸಂದಿ ಸೈತ ಒಂದ ಅಂತ ಆಮ್ಯಾಲ ಹೇಳಿದ.

ಮರುದಿನ ಆಕಿ ಬಂದು ಎದ್ದ ಜವಾನನ್ನ ನೋಡಿದಳು. ಅದರ ಮರುದಿನಾನೂ ಬಂದಳು. ಆಕಿ ಕಣ್ಣಾಗ ಒಂದ ಆಸೆ ದಿನಾ ಇಷ್ಟಿಷ್ಟ ಬೆಳಿಯಾಕತ್ತಿತು. ಅದನ್ನ ನೋಡಿ ಮೈದುನ ಉಣ್ಣೂದ ಬಿಟ್ಟ. ಕಡೀಕ ಒಂದ ಸಂಜಿ, ಸಿನೇಮಾ ಸುರು ಆಗಿ ಹಾಡ ನಡದಿತ್ತು, ಮಗ್ಗು ತಗೊಂಡ ಬಂದು ಆಕಿ ಮುಂದ ಕುಂತ. ಮಗ್ಗಿನ ಕಂಠಕ್ಕ ಗೆಳೆಯ ಸೀರಿ ನೇಯೂ ಲಾಳಿ ಚಿತ್ರ ಗೀರಿದ್ದ. ಆಕಿ ಅದರ ಮ್ಯಾಲ ಬೆರಳಾಡಿಸಿದಳು.

"ನೀ ಅವನ ಜೋಡಿ ಇದ್ದಿ?"

"ಇದ್ದೆ, ಯವ್ವಾ."

ಆಕಿ ಪರದೆ ಕಡೆ ಕೈ ಮಾಡಿದಳು. "ಅಲ್ಲಿ ಅಂವ ಮಾಡತಾನಲ್ಲ, ಹಂಗ ಬಾವುಟ ಹಿಡದಿದ್ದನೇನು? ನನಗ ಏನರ ಹೇಳಿ ಕಳಿಸಿದನೇನು?"

ನನ್ನ ಝಾರಿ ಕಡಾಯಿದಾಗ ನಿಂತ ಬಿಟ್ಟಿತು. ಹೂಂ ಅಂದರ ಮುಗೀತಿತ್ತು. ಆಕಿಗೆ ಒಂದ ಚಂದದ ಸಾವು ಸಿಗತಿತ್ತು, ಇವಗ ಮನಿಗೆ ಹೋಗಾಕ ದಾರಿ. ಮೈದುನ ಪರದೆ ನೋಡಿದ, ಆಕಿನ್ನ ನೋಡಿದ.

"ಇಲ್ಲ, ಯವ್ವಾ. ಚಾ ಕುಡಿಯಾಕತ್ತಿದ್ವಿ. ಅಂವ ಒಂದ ಗುಟುಕು ಕುಡದು, 'ಇದಕ ಸಕ್ಕರಿ ಹಾಕ್ಯಾರೋ, ಬರೇ ತೋರಿಸಿ ತಗದಾರೋ' ಅಂದ. ನಾ ನಕ್ಕೆ. ನಕ್ಕು ತಿರುಗೂದರಾಗ ಅಂವ ಇರಲಿಲ್ಲ. ಅಷ್ಟ. ಮತ್ತೇನೂ ಹೇಳಲಿಲ್ಲ."

ಆಕಿ ತುಟಿ ಒಂದ ಬಾಜು ಸರೀತು. ನೋಡಿದರ ನಗಾಕತ್ತಾಳ.

"ಮನ್ಯಾಗೂ ಹಂಗ ಅಂತಿದ್ದ. ದಿನಾ ಮುಂಜಾನೆ. ಅಂವ ನನ್ನ ಮಗ, ಖರೆ. ಆ ಪರದೆ ಮ್ಯಾಲಿನಾಂವ ಸಾಯೂ ಮುಂದ ಎಷ್ಟ ಮಾತಾಡತಾನ. ನನ್ನ ಮಗ ಬದುಕಿದ್ದಾಗೂ ಅಷ್ಟ ಮಾತಾಡಿದಾಂವ ಅಲ್ಲ."

ನಕ್ಕೋತ ನಕ್ಕೋತನ ಆಕಿ ದನಿ ಮುರೀತು. ಅತ್ತಿ ಮಗ್ಗು ನೋಡಿದಳು, ಮಗನ ಮಾರಿ ನೋಡಿದಳು. ಆ ಮಗ್ಗಿನಾಂವ ನಾಳೆ ಏಳಾಂವ ಅಲ್ಲ ಅಂತ ಆಕಿಗೆ ತಿಳೀತು. ಯಾರೂ ಹೇಳಲಿಲ್ಲ, ನಾನ ಕಡಾಯಿ ಕೆಳಗಿಳಿಸಿ ಒಲಿ ಆರಿಸಿದೆ.

ಅತ್ತಿ ದನಿ ಎತ್ತಿದಳು. "ಸಕ್ಕರಿ ತೋರಿಸಿ ತಗದರಲ್ಲೋ ನನ್ನಪ್ಪಾ, ಅರ್ಧಾ ಗುಟುಕಿನ್ಯಾಗ ಎಬ್ಬಿಸಿದರಲ್ಲೋ" ಅಂತ. ಅಂಥಾ ಅಳು ಆಕಿ ಅತ್ತದ್ದು ನಾ ಮೊದಲೂ ಕೇಳಿರಲಿಲ್ಲ, ಆಮ್ಯಾಲೂ ಕೇಳಲಿಲ್ಲ. ತಾಯಿ ಆಕಿ ಹೆಗಲಿಗೆ ಬಿದ್ದು ಇಷ್ಟ ದಿನದ್ದೆಲ್ಲಾ ಅತ್ತಳು. ಮೈದುನ ಬೂದ್ಯಾಗ ಕುಂತು ಅತ್ತ. ಮ್ಯಾಲ ಪರದ್ಯಾಗ ಆ ಎಳೀ ಜವಾನ ಹುಡುಗಿ ಕೈ ಹಿಡದು, ಎಡಗೈಯಾಗ ಟೊಪಿಗಿ ತಿರುವಕೋತ ಕುಣಿಯಾಕತ್ತಿದ್ದ.

ಮುಂದ ಕುಂತ ಮಂದಿಗೆ ದಿಕ್ಕ ತಪ್ಪಿತು. ಕುಣಿತಕ್ಕ ನಗಬೇಕೋ, ದನಿಗೆ ಅಳಬೇಕೋ. ನೆಲದ ಮ್ಯಾಲಿನಿಂದ ಒಬ್ಬ ಭಾಳ ಕಳಕಳಿಯಿಂದ ಕೂಗಿ ಹೇಳಿದ:

"ಆಯಿ, ಚೂರ ತಡಿಯವಾ. ಅಂವಗ ಇನ್ನೂ ಗುಂಡ ಬಿದ್ದಿಲ್ಲ."

ಅಳಾಕತ್ತಿದ್ದ ಇಲಕಲ್ಲಿನ ಅವ್ವ ತಲಿ ಎತ್ತಿದಳು. ಮೂಗ ಒರಸಿಕೊಂಡು, ಆ ಹಲ್ಲಿನ ಸಂದಿ ಕಾಣೂಹಂಗ ಮತ್ತ ನಕ್ಕಳು. ಸಾವ್ಕಾರ ಬೈಯಾಕ ಅಂತ ಹಿಂದ ಬಂದಾಂವ, ನಮ್ಮನ್ನ ನೋಡಿ, ಟೊಪಿಗಿ ತಗದು, ತಿರುಗಿ ಹೋಗಿ ಯಂತ್ರ ನಿಲ್ಲಿಸಿದ. ಅವತ್ತ ಆ ಜವಾನ ಸಾಯಲೇ ಇಲ್ಲ.

ಮುಂದ ಯಾರು ಏನಾದರು

ಊರೂರಿಗೆ ಗಟ್ಟಿ ಥೇಟರ ಬಂದ ಮ್ಯಾಲ ಸಾವ್ಕಾರ ಟೆಂಟ್ ಕಿತ್ತ. ಕೆಂಪು ಕಲಿ ಇದ್ದ ಪರದೆನ್ನ ಮಗಳ ಲಗ್ನಕ್ಕ ಹಂದರದ ಮ್ಯಾಲ ಹೊಚ್ಚಿದ. ಬೀಗರು ಕಲಿ ನೋಡಿ ಕುಂಕುಮ ಅಂತ ತಿಳದು ಕೈ ಮುಗದರು. ಅದರ ಚರಿತ್ರಿ ಸಾವ್ಕಾರ ಹೇಳಲಿಲ್ಲ.

ಕ್ಷೌರದಾಂವ ಈಗೂ ಬಂದವರಿಗೆಲ್ಲಾ ಲಡಾಯಿ ಕತಿ ಹೇಳತಾನ. ಈಗೀಗ ಅದರಾಗ ತಾನೂ ಇದ್ದೆ ಅನ್ನಾಕ ಹತ್ತ್ಯಾನ.

ಇಲಕಲ್ಲಿನ ಅವ್ವ ಬದುಕಿರೂತನಕ ಆ ಮಗ್ಗಿನ್ಯಾಗ ಚಾ ಕುಡದಳು. ಮೈದುನ ರಜಾಕ್ಕ ಬಂದಾಗೆಲ್ಲಾ ಮೊದಲು ಇಲಕಲ್ಲಿಗೆ ಹೋಗಿ, ಆಮ್ಯಾಲ ನಮ್ಮ ಮನಿಗೆ ಬರತಿದ್ದ. ಆಕಿ ಬಾಯಿಗೆ ಕಡೀ ನೀರು ಬಿಟ್ಟಾಂವ ಅವನ. ನೌಕರಿ ಮುಗಿಸಿ ಬಂದು ಕುಳಗೇರಿ ಕ್ರಾಸಿನ್ಯಾಗ ಚಾದಂಗಡಿ ಇಟ್ಟಾನ. ಆ ಚಾ ಕುಡದರ ತುಟಿಗೆ ತುಟಿ ಅಂಟತಾವು, ಅಷ್ಟ ಸಕ್ಕರಿ. ಕಡಿಮಿ ಹಾಕು ಅಂದವರಿಗೆ ಚಾ ಕೊಡೂದಿಲ್ಲ.

ಅತ್ತಿ ಹೋಗೂಕಿಂತ ಚೂರ ಮೊದಲು ಊರಾಗ ಪಂಚಾಯ್ತಿ ಟೀವಿ ಬಂತು. ಒಂದಿನ ಅದರಾಗ ಲಡಾಯಿ ಸಿನೇಮಾ ಹಾಕಿದ್ದರು. ಕೈ ಹಿಡದು ಕರಕೊಂಡ ಹೋಗಿ ಮುಂದ ಕುಂದರಿಸಿದೆ. ಅತ್ತಿ ಚೂರ ಹೊತ್ತು ಕಣ್ಣ ಕಿರಿದ ಮಾಡಿ ನೋಡಿದಳು. "ಇವರು ನಮ್ಮವರಲ್ಲ. ಎಲ್ಲಾರೂ ಬಲಗೈ ಮಂದಿ" ಅಂದಳು. ಕೋಲ ಊರಿಕೊಂಡ ಎದ್ದು, ಟೀವಿ ಹಿಂದ ಗ್ವಾಡಿಗೆ ಆನಿಕೊಂಡ ಕುಂತಳು.

"ಆಯಿ, ಅಲ್ಲಿ ಏನೂ ಕಾಣೂದಿಲ್ಲಬೇ" ಅಂತ ಎಲ್ಲಾರೂ ನಕ್ಕರು.

"ಕಾಣದಿದ್ದರ ಇರಲಿ" ಅಂದಳು ಅತ್ತಿ, ಸಂಚಿ ಬಿಚ್ಚಕೋತ. "ಖರೆ ಅಳಾವರು ಯಾರರ ಇದ್ದರ ಇಲ್ಲಿಗೇ ಬರತಾರ."